ಬಾವಿಗಿಳಿದ ಪಾಟೀಲ ಸಾಹೇಬರು

ಕಾರ್ಖಾನೆಯಲ್ಲಿ ಓಡುತ್ತಿರುವ ಎಂಜಿನ್ನಿನ ಮುಂದೆ ಬಂದರೆ ಪಾಟೀಲ ಸಾಹೇಬರು ಮೊದಲು ಬೂಟು ಕಳಚುತ್ತಿದ್ದರು. ಇಸ್ತ್ರಿ ಮಾಡಿದ ಪ್ಯಾಂಟು, ಕೊರಳಲ್ಲಿ ಟೈ, ಕೆಳಗೆ ಬರಿಗಾಲು. ಹೊಸದಾಗಿ ಸೇರಿದ ನಾವು ಅದನ್ನು ಭಕ್ತಿ ಎಂದೇ ತಿಳಿದಿದ್ದೆವು.

“ಭಕ್ತಿ ಅಲ್ಲೋ ತಮ್ಮಾ,” ಎಂದು ಒಮ್ಮೆ ನಕ್ಕರು. “ಎಂಜಿನ್ ಸುಳ್ಳ ಹೇಳಿದ್ರ ಕಿವಿ ನಂಬತೈತಿ. ಅಂಗಾಲು ನಂಬೂದಿಲ್ಲ.”

ಸ್ವಲ್ಪ ಹೊತ್ತು ಹಾಗೆ ಬರಿಗಾಲಲ್ಲಿ ನಿಂತು, ನೆಲದ ಅದುರಿನಿಂದಲೇ ಯಾವ ಬೋಲ್ಟು ಸಡಿಲಾಗಿದೆ ಎಂದು ಬೆರಳು ಮಾಡಿ ತೋರಿಸುತ್ತಿದ್ದರು. ನಾನೂ ಬೂಟು ಬಿಚ್ಚಿ ನಿಂತು ನೋಡಿದೆ. ನನಗೆ ತಿಳಿದದ್ದು ನೆಲ ತಣ್ಣಗಿದೆ ಎಂಬುದಷ್ಟೆ.

೧೯೫೮ರ ಜೂನ್‌ನಲ್ಲಿ ನಾನು ಬಾವಿಯ ನೀರೆತ್ತುವ ಎಂಜಿನ್ನುಗಳ ಒಂದು ದೊಡ್ಡ ಕಾರ್ಖಾನೆಗೆ ಅಪ್ರೆಂಟಿಸ್ ಆಗಿ ಸೇರಿದೆ. ವರ್ಷದ ಅರ್ಧ ಭಾಗ ಕಾಲೇಜಿನಲ್ಲಿ ಪದವಿಯ ಓದು, ಇನ್ನರ್ಧ ಇಲ್ಲಿ ಕೈಕೆಲಸ. ಶಿಗ್ಗಾಂವಿಯ ಹಿಟ್ಟಿನ ಗಿರಣಿಗಿಂತ ದೊಡ್ಡ ಯಂತ್ರ ಕಾಣದವನು ನಾನು. ಕರಗಿದ ಕಬ್ಬಿಣ ಬೆಲ್ಲದ ಪಾಕದಂತೆ ಅಚ್ಚಿಗಿಳಿಯುವುದನ್ನು ಕಂಡ ದಿನ ಊಟದ ಗಂಟೆ ಬಾರಿಸಿದರೂ ಅಲ್ಲಿಂದ ಕದಲಲಿಲ್ಲ. ಅಪ್ರೆಂಟಿಸುಗಳ ಹೊಣೆಯೆಲ್ಲ ಹಾನಗಲ್ಲಿನವರಾದ ಪಾಟೀಲ ಸಾಹೇಬರದು.

ಕೊನೆಯ ಪರೀಕ್ಷೆಗೆ ಅವರದೇ ಒಂದು ಪದ್ಧತಿಯಿತ್ತು. ಪ್ರತಿಯೊಬ್ಬನೂ ಒಂದು ಎಂಜಿನ್ ಜೋಡಿಸಬೇಕು. ಅದನ್ನು ಕೊಂಡವರ ಬಾವಿಯವರೆಗೆ ಅದರ ಜೊತೆಗೇ ಹೋಗಬೇಕು. ನೀರು ಬಂದ ಮೇಲೆಯೇ ಅವರ ಸಹಿ. ಸಹಿ ಬಿದ್ದರೆ ಕಾರ್ಖಾನೆಯಲ್ಲೇ ನೌಕರಿ.

ನನ್ನ ಎಂಜಿನ್ ಸವಣೂರಿನ ಗಂಗವ್ವನ ವೀಳ್ಯದೆಲೆ ತೋಟಕ್ಕೆ ಹೋಯಿತು. ಬಾವಿಯ ದಂಡೆಯ ಮೇಲೆ ಕೂರಿಸಿ, ಕಾಯಿ ಒಡೆಸಿ, ಚಾಲೂ ಮಾಡಿದೆ. ಎಂಜಿನ್ ಚೆನ್ನಾಗಿ ಓಡಿತು. ಹನಿ ನೀರು ಬರಲಿಲ್ಲ. ಬೇಸಿಗೆಯಲ್ಲಿ ಬಾವಿಯ ನೀರು ಪಂಪಿಗೆ ಎಟುಕದಷ್ಟು ಕೆಳಗಿಳಿದಿತ್ತು. ಎಂಜಿನ್ ಮತ್ತು ಪಂಪು ಎರಡನ್ನೂ ಬಾವಿಯೊಳಗಿನ ಕಟ್ಟೆಗೆ ಇಳಿಸಬೇಕೆಂದೆ. ಪೂಜೆಯಾದದ್ದನ್ನು ಕದಲಿಸಲು ಗಂಗವ್ವ ಒಪ್ಪಲಿಲ್ಲ. ಅತ್ತ ಎಲೆಬಳ್ಳಿ ಬಾಡುತ್ತಿತ್ತು, ಇತ್ತ ನನ್ನ ನೌಕರಿ.

ಕಾರ್ಖಾನೆಗೆ ಮರಳಿ, “ಎಂಜಿನ್ ಛಲೋ ಓಡಾಕತ್ತೇತ್ರಿ ಸರ್, ಸಹಿ ಮಾಡ್ರಿ,” ಎಂದೆ.

“ಅಕಿ ಕೊಂಡದ್ದು ಸಪ್ಪಳ ಅಲ್ಲೋ, ನೀರು,” ಎಂದರು. ಮರುದಿನ ನನ್ನೊಂದಿಗೆ ಬಸ್ಸು ಹತ್ತಿದರು.

ಬಾವಿಯೊಳಗೆ ಇಣುಕಿ ನೋಡಿ, ನೆರೆದವರ ಮುಂದೆಯೇ ಗಂಗವ್ವನಿಗೆ ಹೇಳಿದರು: “ಈ ಜಾಗಾ ಗೊತ್ತು ಮಾಡಿದಾಂವ ನಾನ. ಮಳಿಗಾಲದಾಗ ತುಂಬಿದ ಬಾವಿ ನೋಡಿ ಮೋಸ ಹೋದೆ. ಹುಡುಗಂದೇನೂ ತಪ್ಪಿಲ್ಲ.”

ಅಷ್ಟು ದೊಡ್ಡ ಅಧಿಕಾರಿ ಹಾಗೆ ಹೇಳಿದ್ದನ್ನು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ. ಗಂಗವ್ವ ಮಾತ್ರ ಕರಗಲಿಲ್ಲ.

“ಕುಂತ ದೇವರನ್ನ ಎಬ್ಬಸಂತೀರಲ್ರಿ ಸಾಹೇಬ್ರ!”

“ದೇವರನ್ನ ಪಲ್ಲಕ್ಕ್ಯಾಗ ಹೊಳಿಗೆ ಒಯ್ಯೂದಿಲ್ಲೇನ್ ಯವ್ವಾ? ಇದಕ್ಕೂ ನೀರಡಿಸೇತಿ.”

ಅವಳಿಗೆ ನಗೆ ಬಂತು. “ಪಲ್ಲಕ್ಕಿ ಹೊರಾವ್ರು ಬೇಕಲ್ರಿ. ಟೈ ಕಟ್ಟಿದಾವ್ರು ಹೊರ್ತಾರೇನು?”

ಸಾಹೇಬರು ಟೈ ಬಿಚ್ಚಿ ಅವಳ ಕೈಗೇ ಕೊಟ್ಟರು. ಬೂಟು ಬಿಟ್ಟು, ತೋಟದ ಆಳುಗಳ ಜೊತೆ ಎಂಜಿನ್ನಿಗೆ ಕಟ್ಟಿದ ಬೊಂಬುಗಳ ಮುಂದಿನ ತುದಿಗೆ ಹೆಗಲು ಕೊಟ್ಟರು. ಇಳಿಯುವಾಗ ಭಾರವೆಲ್ಲ ಮುಂದಿನವರ ಮೇಲೆಯೇ. ಪಾಚಿಗಟ್ಟಿದ ಮೆಟ್ಟಿಲುಗಳನ್ನು ಅಂಗಾಲಿನಿಂದ ತಡವಿ ನೋಡುತ್ತ, “ಸಾವಕಾಶ, ಸಾವಕಾಶ” ಎನ್ನುತ್ತ ಇಳಿದರು. ಹಿಂದಿನ ತುದಿ ಹಿಡಿದಿದ್ದ ನನಗೆ ಕಂಡದ್ದು ಬೆವರಿನಲ್ಲಿ ತೊಯ್ದ ಅವರ ಅಂಗಿಯ ಬೆನ್ನು.

ಪಂಪನ್ನೂ ಇಳಿಸಿ ಚಾಲೂ ಮಾಡಿದೆ. ಪೈಪು ಕೆಮ್ಮಿತು, ಕೆಸರು ಉಗುಳಿತು, ಆಮೇಲೆ ತಿಳಿನೀರು ಸುರಿಯಿತು. ನಾನು ಸಹಿಗಾಗಿ ನಿಂತೆ. ಅವರು ಕಾಲುವೆಯ ಗುಂಟ ನಡೆದು, ಕೊನೆಯ ಬಳ್ಳಿಯ ಬುಡ ನೆನೆಯುವುದನ್ನು ನೋಡಿ ಬಂದರು. “ಈಗ ಪಾಸಾದಿ,” ಎಂದರು.

೧೯೬೬ರ ಬೇಸಿಗೆ. ಸಾಹೇಬರು ನಿವೃತ್ತರಾಗಿ ಹಾನಗಲ್ಲಿನಲ್ಲಿದ್ದರು. ನಾನು ಹಿರೇಕೆರೂರಿನ ಹತ್ತಿರ ಒಂದು ಬಾವಿಯೊಳಗಿದ್ದಾಗ ಅವರು ತೀರಿಕೊಂಡ ಸುದ್ದಿಯನ್ನು ಯಾರೋ ಮೇಲಿನಿಂದ ಕೂಗಿ ಹೇಳಿದರು. ಪಂಪು ಇನ್ನೂ ನೀರು ಹಿಡಿದಿರಲಿಲ್ಲ. ಮೇಲೆ ಹತ್ತಲು ಮೆಟ್ಟಿಲ ಮೇಲೆ ಕಾಲಿಟ್ಟೆ. ನಂತರ ತಿರುಗಿ ಬೋಲ್ಟು ಬಿಗಿಯುವ ಪಾನಾ ಎತ್ತಿಕೊಂಡೆ.

ಹಾನಗಲ್ ತಲುಪುವಷ್ಟರಲ್ಲಿ ಸಂಜೆಯಾಗಿತ್ತು, ಮಣ್ಣು ಕೊಡುವುದೂ ಮುಗಿದಿತ್ತು. ಜಗಲಿಯ ಮೇಲೆ ಕೂತಿದ್ದ ಅವರ ಹೆಂಡತಿ ನನ್ನ ಕೆಸರುಗಾಲನ್ನೇ ನೋಡಿದರು.

“ಎಲ್ಲಿದ್ದೆಪಾ ಇಷ್ಟೊತ್ತನಾ?”

“ಬಾವ್ಯಾಗ ಇದ್ದೆರಿ ಅವ್ವಾರ. ನೀರು ಬರೂದು ತಡಾ ಆತ್ರಿ.”

“ಹಂಗಾರ ಅವರು ಬೈತಿದ್ದಿಲ್ಲ ಬಿಡು,” ಎಂದು ಕಣ್ಣೊರೆಸಿಕೊಂಡರು. “ಕಾಲ ತೊಳ್ಕೊಂಡು ಒಳಗ ಬಾ.”