ಮೂರು ದಿನಕ್ಕೆ ಒಂದು ದಿನ

ಈಚೆಗೆ ನಮ್ಮ ಸಂಬಂಧಿಕರೊಬ್ಬರು ಹೊಳೆಯುವ ಕಾಗದದ ಪುಸ್ತಕವೊಂದನ್ನು ತಂದು ನನ್ನ ಮುಂದೆ ಹರಡಿ ಕೂತರು. ಯಾವುದೋ ರಜಾ ಕ್ಲಬ್ಬಂತೆ. ಒಮ್ಮೆ ಸದಸ್ಯರಾದರೆ ವರ್ಷವರ್ಷವೂ ಪಾಯಿಂಟು ಕೊಡುತ್ತಾರಂತೆ. ಅವರ ರೆಸಾರ್ಟು ಬೇಡವೆಂದರೆ ಅದೇ ಪಾಯಿಂಟಿನಲ್ಲಿ ಹೊರಗಿನ ಹೋಟೆಲುಗಳಲ್ಲೂ ಉಳಿಯಬಹುದಂತೆ. "ಹೊರಗಿನ ಹೋಟೆಲಿಗೆ ಬಳಸಿದ್ರೆ ಗಿಟ್ಟುತ್ತಾ?" ಎಂದು ಕೇಳಿದರು. ಮೇಷ್ಟ್ರಮ್ಮನಾಗಿ ನಿವೃತ್ತಳಾದವಳಿಗೆ ಇಂಥದೆಲ್ಲ ಗೊತ್ತಿರುತ್ತದೆ ಎಂದುಕೊಂಡಿರಬೇಕು. ಗಿಟ್ಟುವುದಿಲ್ಲ ಎಂದೆ. ಪುಸ್ತಕ ತೆರೆಯದೆಯೇ ಹೇಳಿಬಿಟ್ಟೆನೆಂದು ಅವರಿಗೆ ಬೇಜಾರಾಯಿತು. ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ, ಪಾಯಿಂಟು ಎಂಬ ಹೆಸರು ಕೇಳುವುದಕ್ಕೂ ಮೊದಲೇ, ನಾನು ಇದನ್ನು ಕಂಠಮಟ್ಟ ಅನುಭವಿಸಿದವಳು ಎಂಬುದು ಅವರಿಗೆ ಗೊತ್ತಿರಲಿಲ್ಲ.

ಆಗ ನಾವು ಕೊಪ್ಪದ ಪೇಟೆಯಲ್ಲಿದ್ದೆವು. ನಾನು ಅಲ್ಲಿನ ಪ್ರಾಥಮಿಕ ಶಾಲೆಯಲ್ಲಿ ಟೀಚರು. ನನ್ನ ಗಂಡ ಮತ್ತು ಅವರ ಅಣ್ಣ, ಅಂದರೆ ನನ್ನ ಭಾವ, ಸೇರಿ ನೋಟ್‌ಬುಕ್ಕು, ಪೆನ್ನು, ಶಾಯಿ ಮಾರುವ ಅಂಗಡಿ ನಡೆಸುತ್ತಿದ್ದರು. ಮನೆಯಲ್ಲಿ ಅತ್ತೆ, ಅತ್ತೆಯ ವಿಧವೆ ಅಕ್ಕ, ಭಾವ, ಭಾವನ ಹೆಂಡತಿ, ನಾವಿಬ್ಬರು ಮತ್ತು ನಮ್ಮ ಪುಟ್ಟ ಮಗಳು. ಅತ್ತೆಯ ಅಕ್ಕನನ್ನು ಎಲ್ಲರೂ ದೊಡ್ಡಮ್ಮ ಎನ್ನುತ್ತಿದ್ದೆವು, ಭಾವನ ಹೆಂಡತಿಯನ್ನು ನಾನು ಅಕ್ಕ ಎನ್ನುತ್ತಿದ್ದೆ. ಮಾವ ತೀರಿಕೊಂಡು ಕೆಲವು ವರ್ಷಗಳಾಗಿದ್ದವು. ಅವರು ಬಿಟ್ಟುಹೋದದ್ದರಲ್ಲಿ ಮನೆಯವರೆಲ್ಲ ಅತಿ ಹೆಚ್ಚು ಜೋಪಾನ ಮಾಡಿದ್ದು ಒಂದು ಕೂಪನ್ ಪುಸ್ತಕವನ್ನು.

ಶೃಂಗೇರಿಯಲ್ಲಿ ಯಾತ್ರಿಕರಿಗೆಂದು ಕೆಲವರು ಸೇರಿ ಛತ್ರ ಕಟ್ಟಿಸುವಾಗ ಮಾವ ಅದರ ಅಷ್ಟೂ ಕೋಣೆಗಳ ಬಾಗಿಲಿಗೆ ಮರ ಕೊಟ್ಟಿದ್ದರು. ಪ್ರತಿಯಾಗಿ ನಮ್ಮ ಮನೆಗೆ ವರ್ಷಕ್ಕೆ ಹನ್ನೆರಡು ದಿನ ಅಲ್ಲಿ ಒಂದು ಕೋಣೆ. ದಿನಕ್ಕೊಂದು ಕೂಪನ್ ಹರಿದು ಕೊಟ್ಟರಾಯಿತು. ಆ ವರ್ಷದ್ದು ಆ ವರ್ಷಕ್ಕೇ, ಮುಂದಿನ ವರ್ಷಕ್ಕೆ ನಡೆಯುವುದಿಲ್ಲ. ಕೇಳಲು ಬಲು ಚೆಂದ. ಆದರೆ ಕೊಪ್ಪದವರಿಗೆ ಶೃಂಗೇರಿಯಲ್ಲಿ ಕೋಣೆ ಯಾಕೆ ಬೇಕು? ಬೆಳಗಿನ ಬಸ್ಸಿಗೆ ಹೋಗಿ, ದರ್ಶನ ಮಾಡಿ, ಮಠದಲ್ಲಿ ಊಟ ಮುಗಿಸಿ, ತುಂಗೆಯ ಮೀನಿಗೆ ಮಂಡಕ್ಕಿ ಎರಚಿ, ಸಂಜೆಯ ಕಾಫಿಗೆ ಮನೆ ಮುಟ್ಟಬಹುದು. ಹಾಗಾಗಿ ಕೂಪನ್ನುಗಳು ನೆಂಟರ ಪಾಲಾಗುತ್ತಿದ್ದವು. ಬಯಲುಸೀಮೆಯ ನೆಂಟರಿಗೆ ನಮ್ಮ ಆರೋಗ್ಯಕ್ಕಿಂತ ಕೂಪನ್ನುಗಳ ಆರೋಗ್ಯದ ಚಿಂತೆಯೇ ಹೆಚ್ಚು. ಯಾವ ಕಾಗದ ಬಂದರೂ ಕೊನೆಯ ಸಾಲು ಅದೇ ಇರುತ್ತಿತ್ತು.

ಒಂದು ವರ್ಷ ಯುಗಾದಿಯ ಹೊತ್ತಿಗೆ ಛತ್ರದ ಕಾರ್ಯದರ್ಶಿಯಿಂದ ಸುತ್ತೋಲೆ ಬಂತು. ಇನ್ನುಮುಂದೆ ಈ ಕೂಪನ್ನುಗಳನ್ನು ಮೈಸೂರಿನ ಒಂದು ಲಾಡ್ಜಿನಲ್ಲೂ ಬಳಸಬಹುದು, ಅಲ್ಲಿನ ಒಂದು ದಿನಕ್ಕೆ ಇಲ್ಲಿನ ಮೂರು ದಿನ. ಅಂದರೆ ಇಡೀ ವರ್ಷದ ಪುಸ್ತಕ ಹರಿದುಕೊಟ್ಟರೆ ಮೈಸೂರಿನಲ್ಲಿ ನಾಲ್ಕು ದಿನ. "ನಾವಿಬ್ರೇ ಹೋಗಿ ಬರೋಣ ಮಾರಾಯ್ತಿ" ಎಂದರು ಇವರು. ಅಡಿಗೆಮನೆಯ ಹಿಂದೆ ಪಾತ್ರೆ ತೊಳೆಯುತ್ತಿದ್ದ ನನಗೆ ಕೈಯಲ್ಲಿದ್ದ ತಂಬಿಗೆ ಜಾರುವಷ್ಟು ಸಂತೋಷವಾಯಿತು.

ಮದುವೆಯಾಗಿ ಏಳು ವರ್ಷವಾಗಿತ್ತು, ನಾವಿಬ್ಬರೇ ಎಲ್ಲೂ ಹೋದವರಲ್ಲ. ಮನೆಯಲ್ಲಿ ನಮ್ಮ ಕೋಣೆಗೆ ಇದ್ದದ್ದು ಹಲಗೆಯ ಅಡ್ಡಗೋಡೆ, ಅದೂ ಮೇಲಿನ ತನಕ ಮುಟ್ಟದ್ದು. ಒಮ್ಮೆ ನಾನು ಪಿಸುಮಾತಿನಲ್ಲಿ, ಒಂದು ಹೊಲಿಗೆ ಯಂತ್ರ ತಗೊಳ್ಳೋಣವಾ ಎಂದು ಇವರನ್ನು ಕೇಳಿದ್ದಕ್ಕೆ ಆಚೆಯಿಂದ ಅತ್ತೆ, "ಈಗೆಂತಕ್ಕೆ ಅದು? ಊರಲ್ಲಿ ದರ್ಜಿ ಇಲ್ಲನಾ?" ಎಂದು ಉತ್ತರ ಕೊಟ್ಟಿದ್ದರು. ಅತ್ತೆ ಕೆಟ್ಟವರಲ್ಲ. ಕೇಳಿಸಿದ್ದಕ್ಕೆ ಉತ್ತರ ಕೊಡುವುದು ಮರ್ಯಾದೆ ಎಂದು ತಿಳಿದವರು. ಆದರೆ ಗಂಡನೊಡನೆ ಅರ್ಧ ಗಂಟೆ ಮಾತಾಡುವ ಆಸೆ ನನ್ನಲ್ಲಿ ಹಸಿವಿನ ಹಾಗೆ ಕೂತುಬಿಟ್ಟಿತ್ತು.

ಇವರು ಬೇಸಿಗೆ ರಜೆಗೆ ಅರ್ಜಿ ಬರೆದರು. ಅರ್ಜಿ ಶೃಂಗೇರಿಗೆ ಹೋಗಿ, ಅಲ್ಲಿ ಮೊಹರು ಬಿದ್ದು, ಮೈಸೂರಿಗೆ ಹೋಗಿ, ಅದೇ ದಾರಿಯಲ್ಲಿ ವಾಪಸು ಬರಬೇಕು. ಬರುವಷ್ಟರಲ್ಲಿ ನನ್ನ ರಜೆ ಮುಗಿದಿತ್ತು. ಅದರಲ್ಲಿದ್ದದ್ದೂ ಕೋಣೆ ಖಾಲಿ ಇಲ್ಲ ಎಂಬ ಒಂದೇ ಸಾಲು. ದಸರಾ ರಜೆಗೆ ಕೇಳಿದೆವು, ಹಬ್ಬದ ದಿನಗಳಿಗೆ ಕೂಪನ್ ಅನ್ವಯಿಸುವುದಿಲ್ಲವಂತೆ. ಡಿಸೆಂಬರಿಗೆ ಕೇಳಿದೆವು, ಉತ್ತರವೇ ಇಲ್ಲ. ಮಾರ್ಚಿನಲ್ಲಿ ಪುಸ್ತಕದ ವರ್ಷ ಮುಗಿಯಿತು. ಹನ್ನೆರಡು ಕೂಪನ್ನೂ ಒಲೆಗೆ. ಆ ವರ್ಷ ಕೂಪನ್ ಕೊಡಲಿಲ್ಲವೆಂದು ಮುನಿಸಿಕೊಂಡ ನೆಂಟರು ಬೇರೆ.

ನಮ್ಮ ಅಂಗಡಿಯ ಪಕ್ಕದಲ್ಲಿ ಬಟ್ಟೆ ಅಂಗಡಿಯ ಸಾಹೇಬರಿದ್ದರು, ವಯಸ್ಸಾದವರು, ಇವರನ್ನು ಸಣ್ಣ ಹುಡುಗನಾಗಿದ್ದಾಗಿನಿಂದ ನೋಡಿದವರು. ಅರ್ಜಿಯ ಕತೆಯೆಲ್ಲ ಕೇಳಿ, "ಎಂತದು ಮಾರಾಯ್ರೆ, ಮೈಸೂರಲ್ಲಿ ಲಾಡ್ಜಿಗೆ ಬರವಾ? ಬಸ್ಸಿಳಿದು ಎದುರಿಗೆ ಕಂಡಿದ್ದಕ್ಕೆ ಹೋಗಿ. ಹೆಂಡ್ತಿನ ಕರ್ಕೊಂಡು ಹೋಗಕ್ಕೂ ಅರ್ಜಿ ಹಾಕ್ತಾರಾ ಯಾರಾದ್ರೂ?" ಎಂದರಂತೆ. ಇವರು ಮನೆಗೆ ಬಂದು ಅದನ್ನು ತಮಾಷೆಯೆಂಬಂತೆ ಹೇಳಿದರು. ನನಗೆ ನಗು ಬರಲಿಲ್ಲ. "ಸಾಹೇಬ್ರು ಸರಿಯಾಗೇ ಹೇಳಿದಾರೆ" ಎಂದೆ. "ಕೈಯಲ್ಲಿ ಕೂಪನ್ ಇಟ್ಕೊಂಡು ಹೊರಗೆ ದುಡ್ಡು ಕೊಟ್ಟು ಉಳಿಯದಾ?" ಎಂದು ಇವರು ನನ್ನನ್ನು ಬುದ್ಧಿ ಕೆಟ್ಟವಳೆಂಬಂತೆ ನೋಡಿದರು. ಪುಕ್ಕಟೆ ಸಿಗುವುದನ್ನು ಹಾಳು ಮಾಡುವುದಕ್ಕಿಂತ ದೊಡ್ಡ ಪಾಪ ಆ ಮನೆಯಲ್ಲಿ ಬೇರೆ ಇರಲಿಲ್ಲ. ಅದಕ್ಕಾಗಿ ನಮ್ಮ ಒಂದು ವರ್ಷ ಹಾಳಾದದ್ದು ಯಾರ ಗಮನಕ್ಕೂ ಬರಲಿಲ್ಲ.

ಮರುವರ್ಷ ಮತ್ತೆ ಅರ್ಜಿ. ಅದಕ್ಕೆ ಉತ್ತರ ಬರುವ ಮೊದಲೇ, ಜೂನಿನಲ್ಲಿ, ಶಾಲೆಯ ವಿಳಾಸಕ್ಕೆ ನನಗೊಂದು ಲಕೋಟೆ ಬಂತು. ನರಸಿಂಹರಾಜಪುರದ ಒಂದು ಶಾಲೆಗೆ ಮುಖ್ಯೋಪಾಧ್ಯಾಯಿನಿಯಾಗಿ ಬಡ್ತಿ. ಒಪ್ಪಿಗೆಯೋ ಅಲ್ಲವೋ ಎಂದು ಜುಲೈ ಮುಗಿಯುವುದರೊಳಗೆ ಬರೆದು ಕೊಡಬೇಕು, ಕೊಡದಿದ್ದರೆ ಮುಂದಿನವರಿಗೆ ಹೋಗುತ್ತದೆ. ಮಳೆಗಾಲದ ಬಸ್ಸು ನಂಬಿ ದಿನಾ ಹೋಗಿ ಬರುವುದು ಆಗದ ಮಾತು. ಮಗಳನ್ನು ಕರೆದುಕೊಂಡು ಅಲ್ಲೇ ಬಾಡಿಗೆ ಮನೆ ಮಾಡಬೇಕು, ಶನಿವಾರ ನಾನು ಬರಬೇಕು ಇಲ್ಲವೆ ಇವರೇ ಬರಬೇಕು. ನನಗೆ ಆ ಕೆಲಸ ಬೇಕಿತ್ತು. ಯಾರಿಗೂ ಕಾಣದ ಹಾಗೆ ಸ್ಟಾಫ್ ರೂಮಿನಲ್ಲಿ ಆ ಕಾಗದವನ್ನು ದಿನಕ್ಕೆ ಎರಡು ಸಲ ತೆಗೆದು ಓದುತ್ತಿದ್ದೆ.

ಮನೆಯಲ್ಲಿ ಬಾಯಿಬಿಟ್ಟರೆ ಕತೆ ಮುಗಿದಂತೆ. ಅತ್ತೆ ಮೊದಲು ಬೇಡ ಎಂದುಬಿಟ್ಟರೆ ಇವರು ಅದರ ಮೇಲೆ ಮಾತಾಡುವವರಲ್ಲ. ಮೊದಲು ಇವರ ಕಿವಿಗೆ ಬೀಳಬೇಕು, ಇವರು ಹೂಂ ಎನ್ನಬೇಕು, ಆಮೇಲೆ ಇವರೇ ಅಮ್ಮನಿಗೆ ಹೇಳಬೇಕು. ಅಷ್ಟರಲ್ಲಿ ಮೈಸೂರಿನಿಂದ ಉತ್ತರ ಬಂತು. ಆಷಾಢ, ಮದುವೆ ಮುಂಜಿ ಇಲ್ಲದ ಕಾಲ, ಲಾಡ್ಜು ಖಾಲಿ ಹೊಡೆಯುತ್ತಿರಬೇಕು. ಜುಲೈ ಕೊನೆಯ ವಾರದಲ್ಲಿ ನಾಲ್ಕು ದಿನ, ಒಂದು ಕೋಣೆ. ಮೈಸೂರಿನಲ್ಲೇ ಹೇಳಿದರಾಯಿತು ಎಂದು ನಾನು ಲಕೋಟೆಯನ್ನು ಕೈಚೀಲದ ತಳಕ್ಕೆ ಸೇರಿಸಿದೆ.

ಇವರು ಮಾಡಿದ ಘನಕಾರ್ಯವೆಂದರೆ ಆ ಉತ್ತರವನ್ನು ಜಗಲಿಯಲ್ಲಿ ನಿಂತು ಎಲ್ಲರಿಗೂ ಓದಿ ಹೇಳಿದ್ದು. ಅತ್ತೆ ಎಲೆಗೆ ಸುಣ್ಣ ಹಚ್ಚುತ್ತ, "ರೂಮು ಒಂದೇ ಅಂದಮೇಲೆ ಇಬ್ರು ಮಲಗಿದ್ರೂ ಅಷ್ಟೇ, ಆರು ಜನ ಮಲಗಿದ್ರೂ ಅಷ್ಟೇ ಅಲ್ದಾ ಮಾಣಿ?" ಎಂದರು. ಅವರದೂ ತಪ್ಪಲ್ಲ. ಶೃಂಗೇರಿಯ ಛತ್ರದಲ್ಲಿ ಕೋಣೆ ಎಂದರೆ ನಾಲ್ಕು ಗೋಡೆ ಮತ್ತು ಚಾಪೆ, ಎಷ್ಟು ಜನ ಮಲಗಿದರೂ ಕೇಳುವವರಿಲ್ಲ. ದೊಡ್ಡಮ್ಮ ಚಾಮುಂಡಿ ಬೆಟ್ಟ ನೋಡಿಲ್ಲ ಎಂದರು. ಅಮ್ಮ ಹೊರಟ ಮೇಲೆ ಭಾವ, ಭಾವ ಹೊರಟ ಮೇಲೆ ಅಕ್ಕ. ಅಂಗಡಿಯ ಬಾಗಿಲಿಗೆ ನಾಲ್ಕು ದಿನ ಬೀಗ ಹಾಕುವುದೆಂದೂ ಆಯಿತು. ಇವರು ಒಬ್ಬೊಬ್ಬರಿಗೂ ತಲೆಯಾಡಿಸಿದರು.

ಕೂಪನ್ನಿನ ಹಿಂಬದಿಯಲ್ಲಿ ಸಣ್ಣ ಅಕ್ಷರದಲ್ಲಿ, ಹೊರಗಿನ ಲಾಡ್ಜಿನಲ್ಲಿ ಕೋಣೆಗೆ ಇಬ್ಬರು ಮಾತ್ರ ಎಂದಿತ್ತು. ನಾನು ಅದನ್ನು ಇವರಿಗೆ ತೋರಿಸಿದೆ. "ಬರೆಯಕ್ಕೆ ಎಲ್ಲ ಬರೀತಾರೆ. ಹೋಗಿ ಮಾತಾಡಿದ್ರೆ ಆಗ್ತದೆ" ಎಂದರು. ನಮ್ಮ ಕಡೆಯವರಿಗೆ ಅಚ್ಚಾದ ಅಕ್ಷರದ ಮೇಲೆ ಇರುವಷ್ಟು ಅಪನಂಬಿಕೆ ಇನ್ಯಾವುದರ ಮೇಲೂ ಇಲ್ಲ.

ಮಗಳನ್ನು ನೆಮ್ಮಾರಿನ ನನ್ನ ತವರಿನಲ್ಲಿ ಬಿಟ್ಟು, ನಾವು ಆರು ಜನ, ಎರಡು ಹಾಸಿಗೆ ಸುರುಳಿ, ಸೀಮೆಎಣ್ಣೆ ಸ್ಟವ್ವು, ಅಕ್ಕಿಯ ಚೀಲ, ಅಪ್ಪೆಮಿಡಿ ಉಪ್ಪಿನಕಾಯಿಯ ಭರಣಿ ಸಮೇತ ಬೆಳಗಿನ ಬಸ್ಸು ಹತ್ತಿದೆವು. ಹಾಸನದಲ್ಲಿ ಬಸ್ಸು ಬದಲಿಸಿ ಮೈಸೂರು ಮುಟ್ಟಿದಾಗ ಸಂಜೆ. ಲಾಡ್ಜಿನ ಮ್ಯಾನೇಜರು ಸಫಾರಿ ತೊಟ್ಟ ಯುವಕ. ನಮ್ಮನ್ನು ಎಣಿಸಿದ, ಕೂಪನ್ ತಿರುಗಿಸಿ ಹಿಂಬದಿ ತೋರಿಸಿದ. ಇವರು ಎದೆ ಮುಂದೆ ಮಾಡಿ, "ಬಾಗಿಲು ಕೊಟ್ಟಿದ್ದೇ ನಮ್ಮ ತಂದೆಯವರು" ಎಂದರು. "ಯಾವ ಬಾಗಿಲು ಸಾರ್?" ಎಂದ ಅವನು. ಪಾಪ, ಅವನಿಗೆ ಏನು ಗೊತ್ತು.

ಮುಕ್ಕಾಲು ಗಂಟೆ ಮಾತಾಡಿದರೂ ಆಗಲಿಲ್ಲ. ಕೂಪನ್ನಿನವರಿಗೆಂದು ಇಟ್ಟಿದ್ದ ಕೋಣೆ ಹಿಂಭಾಗದಲ್ಲಿ, ಹೋಟೆಲಿನ ಅಡಿಗೆಮನೆಗೆ ಅಂಟಿಕೊಂಡು ಇತ್ತು, ಕಿಟಕಿ ತೆರೆದರೆ ಒಗ್ಗರಣೆಯ ಹೊಗೆ. ಬಿಸಿನೀರು ಕೂಪನ್ನಿನಲ್ಲಿ ಸೇರಿಲ್ಲ. ಉಳಿದ ನಾಲ್ವರಿಗೆ ಬೇಕಿದ್ದರೆ ಸಾಮೂಹಿಕ ಹಾಲ್‌ಗಳಿವೆ, ದುಡ್ಡು ಬೇರೆ, ಹೆಂಗಸರಿಗೆ ಕೆಳಗೆ, ಗಂಡಸರಿಗೆ ಮಹಡಿ ಮೇಲೆ. ಕೋಣೆ ಅತ್ತೆಗೆ ಮತ್ತು ದೊಡ್ಡಮ್ಮನಿಗೆ ಹೋಯಿತು. ಹಿರಿಯರಲ್ಲವೇ, ಅದನ್ನು ಯಾರೂ ಚರ್ಚಿಸಲೂ ಇಲ್ಲ. ನಾನು ಅಕ್ಕನ ಜೊತೆ ಕೆಳಗಿನ ಹಾಲಿಗೆ, ಇವರು ಭಾವನ ಜೊತೆ ಮಹಡಿಗೆ. ಎರಡು ವರ್ಷದ ಅರ್ಜಿ, ಇಪ್ಪತ್ತನಾಲ್ಕು ಕೂಪನ್, ನೆಂಟರ ಮುನಿಸು, ಇಷ್ಟೆಲ್ಲ ಸುರಿದು ನಾನು ಪಡೆದದ್ದು ಗಂಡನಿಂದ ಒಂದು ಮಹಡಿ ದೂರ. ಕೊಪ್ಪದಲ್ಲಾದರೆ ಅವರ ಗೊರಕೆಯಾದರೂ ಕೇಳುತ್ತಿತ್ತು. ಅಂದು ನನಗೆ ಬಂದ ಸಿಟ್ಟನ್ನು ಈಗ ಬರೆಯುವಾಗಲೂ ತಡೆದುಕೊಳ್ಳುವುದು ಕಷ್ಟ.

ಮೂರು ದಿನ ನಾವು ಆರು ಜನ ಒಂದೇ ಹಿಂಡಾಗಿ ಊರು ಸುತ್ತಿದೆವು. ಬೆಟ್ಟದಲ್ಲಿ ದೊಡ್ಡಮ್ಮ ಇವರ ಕೈ ಬಿಡಲಿಲ್ಲ. ಮೃಗಾಲಯದಲ್ಲಿ ನೀರಾನೆಯ ಮುಂದೆ ಉಳಿದವರು ಸ್ವಲ್ಪ ಮುಂದೆ ಹೋದರೆಂದು ನಾನು ಚೀಲಕ್ಕೆ ಕೈ ಹಾಕಿದೆ. ಅಷ್ಟರಲ್ಲಿ ಇವರೇ ಶುರುಮಾಡಿದರು, "ಅಲ್ಲ ಮಾರಾಯ್ತಿ, ಮುಂದಿನ ವರ್ಷ ಎರಡು ರೂಮಿಗೆ ಅರ್ಜಿ ಹಾಕಿದ್ರೆ? ಎರಡೆರಡು ದಿನ ಬರ್ತದೆ." ನಾನು ಕೈ ಹೊರಗೆ ತೆಗೆದೆ. ಆ ನೀರಾನೆ ಬಾಯಿ ತೆರೆದು ನನ್ನ ಪರವಾಗಿ ಆಕಳಿಸಿತು.

ನಾಲ್ಕನೆಯ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಎದ್ದು ಮೆಟ್ಟಿಲ ಬುಡದಲ್ಲಿ ನಿಂತೆ. ಇವರು ಹೆಗಲ ಮೇಲೆ ಟವೆಲು ಹಾಕಿಕೊಂಡು ಇಳಿದು ಬಂದರು. "ನಿಮ್ಮತ್ರ ಮಾತಾಡ್ಬೇಕು. ನನ್ನ ಕೆಲಸದ್ದು" ಎಂದೆ. "ಎಂತ, ರಜೆ ಕಮ್ಮಿ ಬಿತ್ತಾ?" ಎಂದು ನಿಂತರು. ಅಷ್ಟಾದರೂ ನಿಂತರಲ್ಲ ಎಂದು ಲಕೋಟೆ ತೆಗೆಯುತ್ತಿದ್ದೆ. ಹಿಂಭಾಗದಿಂದ ಗಲಾಟೆ ಕೇಳಿಸಿತು. ಅತ್ತೆ ಕೋಣೆಯೊಳಗೆ ಸ್ಟವ್ವು ಹಚ್ಚಿ ಅನ್ನಕ್ಕೆ ಇಟ್ಟಿದ್ದು ಮ್ಯಾನೇಜರನಿಗೆ ಗೊತ್ತಾಗಿ ಅವನು ಬಾಗಿಲು ಬಡಿಯುತ್ತಿದ್ದ. ಇವರು ಓಡಿದರು. ಸಮಾಧಾನ, ಕ್ಷಮಾಪಣೆ, ಗಂಟುಮೂಟೆ ಎಲ್ಲ ಮುಗಿಯುವಷ್ಟರಲ್ಲಿ ಬಸ್ಸಿನ ಹೊತ್ತಾಗಿತ್ತು. ಬಸ್ಸಿನಲ್ಲಿ ಹೆಂಗಸರು ಮುಂದೆ ಕೂತೆವು, ಗಂಡಸರು ಹಿಂದೆ. ಏನು ವಿಷಯ ಎಂದು ಇವರು ಆಮೇಲೆ ಕೇಳಲೇ ಇಲ್ಲ.

ಕೊಪ್ಪಕ್ಕೆ ಬಂದಾಗ ತಿಂಗಳು ಮುಗಿಯಲು ಎರಡು ದಿನವಿತ್ತು. ಮರುದಿನ ಶಾಲೆಯಲ್ಲಿ ಮಧ್ಯಾಹ್ನದ ಬೆಲ್ಲು ಹೊಡೆದ ಮೇಲೆ, ಖಾಲಿ ತರಗತಿಯಲ್ಲಿ ಕೂತು ಒಪ್ಪಿಗೆ ಎಂದು ಬರೆದು ಸಹಿ ಹಾಕಿ ಹೆಡ್‌ಮೇಷ್ಟ್ರ ಕೈಗೆ ಕೊಟ್ಟೆ. ಸಹಿ ನೆಟ್ಟಗೆ ಬಂದಿತ್ತು.

ಮೂರು ವಾರದ ಮೇಲೆ ಆದೇಶ ಬಂತು, ಸುದ್ದಿ ನನಗಿಂತ ಮೊದಲು ಅಂಗಡಿ ಮುಟ್ಟಿತ್ತು. ಸಂಜೆ ನಾನು ಮನೆಗೆ ಬಂದಾಗ ಎಲ್ಲರೂ ಜಗಲಿಯಲ್ಲಿ ಸೇರಿದ್ದರು. ಅತ್ತೆ ಮುಖ ತಿರುಗಿಸಿದರು. ಭಾವ ಗಂಟಲು ಸರಿಮಾಡಿಕೊಂಡರು. ಇವರು ಕೂಗಾಡಲಿಲ್ಲ. ನಿಜವಾಗಿ ನೋವಾಗಿತ್ತು ಅವರಿಗೆ, ಧ್ವನಿಯಲ್ಲೇ ಗೊತ್ತಾಗುತ್ತಿತ್ತು.

"ನಂಗೆ ಮೊದ್ಲೇ ಹೇಳ್ಬಹುದಿತ್ತಲ್ಲ?" ಎಂದರು.

"ಎಲ್ಲಿ ಹೇಳ್ಬೇಕಿತ್ತು?" ಎಂದು ಕೇಳಿದೆ.

ಇವರು ಬಾಯಿ ತೆರೆದರು. ಒಮ್ಮೆ ಅತ್ತೆಯ ಕಡೆ ನೋಡಿದರು, ಒಮ್ಮೆ ದೊಡ್ಡಮ್ಮನ ಕಡೆ, ಆಮೇಲೆ ಭಾವ ಮತ್ತು ಅಕ್ಕ ನಿಂತಿದ್ದ ಕಡೆ. ಎಲ್ಲರೂ ಇವರ ಉತ್ತರಕ್ಕೆ ಕಾಯುತ್ತಿದ್ದರು.