ನಿಲ್ಲಿಸಬಾರದ ಗಾಡಿ

ನಾನು ಮೊದಲಿನಿಂದಲೂ ಅಂಜುಬುರುಕಿ. ಕಾರೆಂದರಂತೂ ಇಂದಿಗೂ ಕೈಕಾಲು ತಣ್ಣಗಾಗುತ್ತವೆ. ಅದಕ್ಕೆ ಕಾರಣ, ಎರಡು ಸಾವಿರದ ಇಸವಿ ದಾಟಿದ ಮೇಲೆ ಬ್ಯಾಡಗಿಯ ನಮ್ಮ ಮನೆ ಮುಂದೆ ಅಕ್ಕಪಕ್ಕ ನಿಂತಿದ್ದ ಎರಡು ಗಾಡಿಗಳು.

ಒಂದು ನಮ್ಮ ದೇಶದ್ದೇ, ಹಳೆಯದು. ನಮ್ಮದು ಮೆಣಸಿನಕಾಯಿ ದಲಾಲಿಯ ಮನೆ. ಪೇಟೆಯಿಂದ ಮಾದರಿ ಚೀಲಗಳನ್ನು ಅದರ ಹಿಂದಿನ ಸೀಟಿನಲ್ಲೇ ಹೇರಿಕೊಂಡು ಬರುವುದು ರೂಢಿ. ಒಂದು ಕಿಟಕಿಯ ಗಾಜು ಮೇಲೇರುತ್ತಿರಲಿಲ್ಲ. ಕಾದಾಗ ಎಂಜಿನ್ ಆರಿಸಿದರೆ ತಣಿಯುವ ತನಕ ಮತ್ತೆ ಶುರುವಾಗುತ್ತಿರಲಿಲ್ಲ. ಅದನ್ನು ತಳ್ಳದವರು ನಮ್ಮ ಓಣಿಯಲ್ಲಿ ಯಾರೂ ಇರಲಿಲ್ಲ. ಇನ್ನೊಂದು ಫಾರಿನ್ ಗಾಡಿ. ನನ್ನ ಗಂಡನ ಅಣ್ಣ, ಅಂದರೆ ಭಾವ, ಮುಂಬಯಿಯಿಂದ ತರಿಸಿದ್ದು. ಹಿತ್ತಲ ಗಿಡ ಮದ್ದಲ್ಲ ಅನ್ನುವ ಜಾತಿ ಅವರದು.

"ಇದು ಎಂದೂ ಕೈ ಕೊಡಂಗಿಲ್ಲ. ಕೀಲಿ ಗುಂಡಿ ಎರಡು ಸಲ ಒತ್ತಿದ್ರ ಒಳಗ ಹೊಕ್ಕ ಕಳ್ಳಗೂ ಬಾಗಲಾ ತಗ್ಯಾಕ ಬರಂಗಿಲ್ಲ," ಎಂದು ಭಾವ ಕೊಚ್ಚಿಕೊಳ್ಳುವರು.

"ಕೆಟ್ಟರ ಹಾವೇರ್ಯಾಗ ಒಂದು ನಟ್ಟೂ ಸಿಗಂಗಿಲ್ಲಣ್ಣಾ," ಎನ್ನುವರು ನಮ್ಮ ಮನೆಯವರು.

"ಕೆಟ್ಟರ ನೋಡೂಣಂತ ಬಿಡು!"

ಮಗಳಿಗೆ ಆಗ ನಾಲ್ಕು ವರ್ಷ, ಉಬ್ಬಸದ ಕೂಸು. ಒಂದು ಬೇಸಿಗೆ ಮಧ್ಯಾಹ್ನ ಉಬ್ಬಸ ಏರಿ ತುಟಿ ನೀಲಿಗಟ್ಟಿತು. ಊರಿನ ಡಾಕ್ಟರು ಇಂಜೆಕ್ಷನ್ ಕೊಟ್ಟು, ತಡಮಾಡದೆ ರಾಣೆಬೆನ್ನೂರಿಗೆ ಒಯ್ಯಿರಿ ಎಂದರು.

"ನನ್ನ ಗಾಡ್ಯಾಗ ಕುಂದರು ಯವ್ವಾ, ಅಂಜಬ್ಯಾಡ," ಎಂದರು ಭಾವ. ನಮ್ಮ ಮನೆಯವರಿಗೆ ಅದರ ಮೇಲೆ ನಂಬಿಕೆ ಸಾಲದು. ಹಳೆಯ ಗಾಡಿ ತೆಗೆದುಕೊಂಡು ಹಿಂದೆಯೇ ಹೊರಟರು.

ಊರು ದಾಟುತ್ತಲೇ ಭಾವ ಗಾಜು ಏರಿಸಿ ಏಸಿ ಜೋರು ಮಾಡಿದರು. ಕೆಲಸ ಕೆಟ್ಟದ್ದು ಅಲ್ಲೇ. ಹಳೆಯ ರೂಢಿಯಂತೆ ಈ ಗಾಡಿಯಲ್ಲೂ ಮಾದರಿ ಚೀಲ ಸಾಗಿಸುತ್ತಿದ್ದರು. ಹಳೆಯದರಲ್ಲಾದರೆ ಕಿಟಕಿಯಿಂದ ಹಾರಿಹೋಗುತ್ತಿದ್ದ ಖಾರದ ಧೂಳು ಇದರ ಸಂದುಗೊಂದಿಯಲ್ಲೆಲ್ಲ ಕೂತಿತ್ತು. ಗಾಳಿ ಜೋರಾದದ್ದೇ ಮುಖಕ್ಕೆ ರಾಚಿತು. ಕಣ್ಣು, ಮೂಗು, ಗಂಟಲು ಉರಿ ಉರಿ. ಮಗಳು ಕೆಮ್ಮಲೂ ಆಗದೆ ಸುಮ್ಮನೆ ಬಾಯಿ ತೆರೆದಳು. ಭಾವ ಗಾಡಿ ನಿಲ್ಲಿಸಿ, ಕೀಲಿ ಕಿತ್ತುಕೊಂಡು ಹೊರಗೆ ಹಾರಿ ತಮ್ಮ ಬದಿಯ ಬಾಗಿಲು ಬಡಿದು ಮುಚ್ಚಿದರು. ನಮ್ಮ ಬಾಗಿಲು ತೆಗೆಯಲೆಂದೇ ಉರಿಯುವ ಕಣ್ಣಲ್ಲೇ ಕೀಲಿಯ ಗುಂಡಿ ಒತ್ತಿದರು. ತಪ್ಪು ಗುಂಡಿ, ಅದೂ ಎರಡು ಸಲ. ಗಾಬರಿಯಲ್ಲಿ ಕೀಲಿಯೂ ಕೈಜಾರಿ ಮುಳ್ಳುಕಂಟಿಗೆ ಬಿತ್ತು.

ಹಿಡಿಕೆ ಎಳೆದೆ. ಗಾಜು ಗುದ್ದಿದೆ. ಯಾವುದೂ ಜಗ್ಗಲಿಲ್ಲ. ಹೊರಗೆ ಭಾವ ಕಣ್ಣು ಕಾಣದೆ ಮುಳ್ಳಿನಲ್ಲಿ ತಡಕಾಡುತ್ತಿದ್ದರು. ಹೆರಿಗೆಯಲ್ಲೂ ನನಗೆ ಅಷ್ಟು ಭಯವಾಗಿರಲಿಲ್ಲ. ಅಷ್ಟರಲ್ಲಿ ನಮ್ಮ ಮನೆಯವರು ಬಂದರು. ತಮ್ಮ ಗಾಡಿಯ ಎಂಜಿನ್ ಆರಿಸದೆಯೇ ಇಳಿದು, ಜಾಕಿನ ರಾಡಿನಿಂದ ಗಾಜು ಒಡೆದು ನಮ್ಮನ್ನು ಎಳೆದುಕೊಂಡರು.

ಭಾವ ಅಲ್ಲೇ ಉಳಿದರು, ನಮ್ಮನ್ನು ಹೊತ್ತು ಹಳೆಯ ಗಾಡಿ ಹೊರಟಿತು. ಕದರಮಂಡಲಗಿ ದಾಟುವಷ್ಟರಲ್ಲಿ ಎಂಜಿನ್ ಕಾದು ಅದರ ಆರ್ಭಟ ಇಮ್ಮಡಿಯಾಯಿತು. ಮಗಳು ಕಣ್ಣು ಮುಚ್ಚಿದ್ದಳು. ಕಿವಿಯನ್ನು ಅವಳ ಮೂಗಿಗೆ ಹಚ್ಚಿದರೂ ಏನೂ ಕೇಳಿಸದು.

"ರೀ, ಒಂದ್ ಗಳಿಗಿ ಇಂಜಿನ್ ಬಂದ್ ಮಾಡ್ರಿ. ಕೂಸಿನ ಉಸರು ಕೇಳವಲ್ದು!"

"ಬಂದ್ ಮಾಡಿದ್ರ ಮತ್ತ ಚಾಲೂ ಆಗಂಗಿಲ್ಲ," ಎಂದರು ಅವರು, ತಿರುಗಿ ನೋಡದೆ.

ಮಗಳ ಎದೆಯ ಮೇಲೆ ಅಂಗೈ ಇಟ್ಟೆ. ಎದೆ ಅಲುಗುತ್ತಿತ್ತು. ಆದರೆ ಸೀಟೂ ಅಲುಗುತ್ತಿತ್ತು, ನನ್ನ ಮೊಣಕಾಲೂ ಅಲುಗುತ್ತಿತ್ತು. ಉಸಿರಾಡುತ್ತಿರುವುದು ಕೂಸೋ, ಗಾಡಿಯೋ ತಿಳಿಯಲಿಲ್ಲ. ಇನ್ನಷ್ಟು ಒತ್ತಿ ಹಿಡಿದೆ. ಈ ಗಾಡಿ ನಿಂತರೆ ಎಂಬ ಭಯ ಒಂದು ಕಡೆ, ನಿಂತಾಗ ಏನು ಗೊತ್ತಾಗುವುದೋ ಎಂಬ ಭಯ ಇನ್ನೊಂದು ಕಡೆ. ಎರಡನೆಯದೇ ದೊಡ್ಡದಿತ್ತು. ರಾಣೆಬೆನ್ನೂರು ಬರುವುದೇ ಬೇಡ ಎನ್ನಿಸಿಬಿಟ್ಟಿತು.

ದವಾಖಾನೆಯ ಬಾಗಿಲಲ್ಲಿ ಅವರು ಎಂಜಿನ್ ಆರಿಸಿದರು.

"ಅವ್ವಾ... ಕೈ ತಗಿ," ಎಂದಿತು ಕೂಸು, ಕೇಳಿಸಿಯೂ ಕೇಳಿಸದಂಥ ದನಿಯಲ್ಲಿ. "ನೋಯಾಕತ್ತೈತಿ."

ತೆಗೆಯಲು ನನ್ನಿಂದ ಆಗಲಿಲ್ಲ. ನರ್ಸಮ್ಮ ಬಂದು ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಬೇಕಾಯಿತು.