ಮಷೀನು ಮೂಸುವ ಮೋದಿನಸಾಬ

ಮೋದಿನಸಾಬನ ಕೈಗೆ ಕೆಟ್ಟ ಮಷೀನು ಕೊಟ್ಟರೆ ಅವನು ಮೊದಲು ಅದನ್ನು ಮೂಸುತ್ತಿದ್ದ. ಏನಾಗಿದೆ, ಯಾವಾಗ ಕೆಟ್ಟಿತು ಎಂದು ಕೇಳುತ್ತಿರಲಿಲ್ಲ. ಗಾಳಿಯಾಡುವ ಕಂಡಿಗೆ ಮೂಗು ಹಚ್ಚಿ, ಕಣ್ಣು ಮುಚ್ಚಿ, ಸಂತೆಯಲ್ಲಿ ಕರಬೂಜದ ಹಣ್ಣು ಮೂಸಿದ ಹಾಗೆ ಒಮ್ಮೆ ಉಸಿರು ಎಳೆದುಕೊಳ್ಳುತ್ತಿದ್ದ. ಆಮೇಲೆ ತೀರ್ಪು. "ಸುಟ್ಟೈತಿ." ಇಲ್ಲವೇ, "ಸುಟ್ಟಿಲ್ಲ, ಧೂಳ ಕುಡದೈತಿ." ತಂದವನು ಏನಾದರೂ ಹೇಳಲು ಬಾಯಿ ತೆರೆದರೆ, "ನೀ ಸುಳ್ಳ ಹೇಳ್ತಿ, ಮಷೀನ ಸುಳ್ಳ ಹೇಳೂದಿಲ್ಲ" ಎನ್ನುತ್ತಿದ್ದ.

ಯರಗಟ್ಟಿಯಲ್ಲಿ ಬಸ್ ನಿಲ್ದಾಣದ ಹಿಂದೆ ಅವನ ಅಂಗಡಿ. ಸುಟ್ಟ ಮೋಟಾರಿಗೆ ಹೊಸ ತಂತಿ ಸುತ್ತುವುದು ಕಸುಬು. ಹೊಲದ ಪಂಪು, ಫ್ಯಾನು, ಕೈಯಲ್ಲಿ ಹಿಡಿದು ಕಬ್ಬಿಣ ಕೊಯ್ಯುವ ಗ್ರೈಂಡರು, ಎಲ್ಲವೂ ಅವನ ಮೂಗಿನ ಮುಂದೆ ಬರಬೇಕು. ಕಪಾಟಿನಲ್ಲಿ ಹೊಸ ಗ್ರೈಂಡರುಗಳನ್ನೂ ಇಡುತ್ತಿದ್ದ, ಆದರೆ ಮಾರುವ ಮನಸ್ಸಿದ್ದವನಂತೆ ಕಾಣುತ್ತಿರಲಿಲ್ಲ. ಹೊಟ್ಟೆ ಮುಂದೆ, ಟೋಪಿ ಹಿಂದೆ, ಬಾಯಿ ಎಲ್ಲಕ್ಕಿಂತ ಮುಂದೆ. ಸಾಧು ಮನುಷ್ಯ ಎಂದು ನಾನು ಹೇಳುವುದಿಲ್ಲ. ಜಂಬದವನು. ಬೈಲಹೊಂಗಲದಿಂದ ರಾಮದುರ್ಗದವರೆಗೆ ತನ್ನಂತೆ ತಂತಿ ಸುತ್ತುವವನು ಹುಟ್ಟಿಲ್ಲ ಎಂದು ತಾನೇ ಹೇಳಿಕೊಳ್ಳುತ್ತಿದ್ದ.

ಗ್ರೈಂಡರಿನ ಚಕ್ರದ ಮೇಲೆ ಅರ್ಧ ಚಂದ್ರನಂಥ ಒಂದು ತಗಡು ಇರುತ್ತದೆ, ಚಕ್ರ ಒಡೆದರೆ ಚೂರು ಮುಖಕ್ಕೆ ಸಿಡಿಯದಿರಲಿ ಎಂದು. ನಮ್ಮ ಕಡೆಯ ಗಂಡಸರು ಮಷೀನು ಮನೆಗೆ ತಂದ ದಿನವೇ ಅದನ್ನು ಬಿಚ್ಚಿ ಎಸೆಯುತ್ತಾರೆ, ಅಡ್ಡ ಬರುತ್ತದಂತೆ. ಬಿಚ್ಚಿದ ಮೇಲೆ ಕಟ್ಟಿಗೆ ಕೊಯ್ಯುವ ದೊಡ್ಡ ಹಲ್ಲಿನ ಚಕ್ರ ಹಾಕುತ್ತಾರೆ. ಅಂಥ ಮಷೀನು ಬಂದರೆ ಮೋದಿನಸಾಬ ಮೂಸುತ್ತಲೂ ಇರಲಿಲ್ಲ.

"ತಗಡ ಎಲ್ಲಿ?"

"ಮನ್ಯಾಗ ಐತ್ರಿ ಚಾಚಾ."

"ಮನ್ಯಾಗ ಇಟ್ಟು ಪೂಜಿ ಮಾಡ್ತಿಯೇನು? ನಾ ತೊರಗಲ್ಲಾಗ ಹುಟ್ಟಿದಾಂವ. ನಮ್ಮೂರ ಕ್ವಾಟಿ ಗ್ವಾಡಿ ಎಷ್ಟ ದಪ್ಪ ಇದ್ರೇನು, ಬಾಗಲಾ ಕಿತ್ತಿಟ್ರ ಕಳ್ಳ ಬರಲಾರದ ಬಿಡ್ತಾನ? ಹೋಗು, ತಗಡ ತಗೊಂಡ ಬಾ."

ತರುವವರೆಗೆ ಮಷೀನು ಮುಟ್ಟುತ್ತಿರಲಿಲ್ಲ. ಗಿರಾಕಿ ಬೈಯುತ್ತ ಬಸ್ಸು ಹತ್ತುತ್ತಿದ್ದ, ಬೈಯುತ್ತ ವಾಪಸು ಬರುತ್ತಿದ್ದ.

ನಾವು ಉಗರಗೋಳದ ಕಂಬಾರರು. ಗಂಡ ಇರುವತನಕ ಕುಲುಮೆ ಇತ್ತು, ನಾನು ತಿದಿ ಊದುತ್ತಿದ್ದೆ. ಅವನು ಹೋದ ಮೇಲೆ ಕುಲುಮೆ ಆರಿತು. ಆದರೆ ಹೊಲಕ್ಕೆ ಹೋಗುವ ಹೆಂಗಸರ ಕುರ್ಪಿಗೆ, ಕುಡಗೋಲಿಗೆ ಸಾಣೆ ಹಿಡಿಯುವುದನ್ನು ನಾನು ಬಿಡಲಿಲ್ಲ. ಒಂದು ಕೈಯಿಂದ ಸಾಣೆಕಲ್ಲು ತಿರುಗಿಸಬೇಕು, ಇನ್ನೊಂದರಿಂದ ಕುಡಗೋಲು ಹಿಡಿಯಬೇಕು. ವಯಸ್ಸಾದಂತೆ ಬಲಗೈ ನಡುಗಲು ಹತ್ತಿತು. ಮಗ ಬಸು, "ಯವ್ವಾ, ಸಾಕ ಮಾಡು, ಕುಂತ ಉಣ್ಣು" ಎಂದ. ಕುಂತು ಉಣ್ಣುವುದು ನನಗೆ ಬರುವುದಿಲ್ಲ. ಬೆಳಗಾದರೆ ಓಣಿಯ ಹೆಂಗಸರು ನನ್ನ ಕಟ್ಟೆಗೆ ಬರಬೇಕು, ನಾನು ಬೈಯಬೇಕು, ಅವರು ತಿರುಗಿ ಬೈಯಬೇಕು. ಅದು ನಿಂತರೆ ನಾನು ಮೂಲೆಯ ಒಡಕು ಗಡಿಗೆ. ಕಲ್ಲಿನ ಬದಲು ಗ್ರೈಂಡರು ತಂದು, ಕುಡಗೋಲನ್ನು ಕಟ್ಟೆಗೆ ಬಿಗಿದ ವೈಸಿನ ಬಾಯಿಗೆ ಕಚ್ಚಿಸಿಟ್ಟರೆ ಎರಡೂ ಕೈ ಮಷೀನಿಗೇ ಸಿಗುತ್ತವೆ ಎಂದು ಲೆಕ್ಕ ಹಾಕಿ, ಮಗನನ್ನು ಎಬ್ಬಿಸಿಕೊಂಡು ಯರಗಟ್ಟಿಗೆ ಹೋದೆ.

"ಚಾಚಾ, ಮನೀ ಕೆಲ್ಸಕ್ಕ ಒಂದ ಗ್ರೈಂಡರ್ ಬೇಕಾಗಿತ್ತ್ರಿ. ಅಗ್ಗಂದ ತೋರಸ್ರಿ" ಎಂದ ಬಸು.

"ಹಿಡ್ಯಾವ್ರು ಯಾರು?"

"ನಾ" ಎಂದೆ.

ಮೋದಿನಸಾಬ ಎತ್ತಿನ ಹಲ್ಲು ನೋಡುವವನಂತೆ ನನ್ನ ಕೈ ನೋಡಿದ. "ಮಾರೂದಿಲ್ಲ. ಮನೀಗೆ ಹೋಗಿ ಶ್ಯಾವಿಗಿ ಹೊಸಿ, ಯಕ್ಕಾ."

"ಕೈ ನಂದು, ರೊಕ್ಕ ನಂದು. ನಿಂದೇನ ಹೋಗತೈತಿ?"

"ನಿನ್ನ ಬೆರಳ ಹೋಗ್ತಾವ. ಆಮ್ಯಾಲೆ ಮೋದಿನಸಾಬ ಮುದುಕಿ ಬೆರಳ ತಗದಾ ಅಂತ ಊರ ಮಂದಿ ನನ್ನ ಹೆಸರ ತಗೀತಾರ."

"ಹಂಗಾರ ಬೆರಳ ಹೋಗಲಾರದಂಥಾದು ಯಾವುದೈತಿ, ಅದನ್ನ ತಗಿ" ಎಂದು ಅವನ ಸ್ಟೂಲಿನ ಮೇಲೆ ಕುಳಿತುಬಿಟ್ಟೆ. ಏಳುವವಳಲ್ಲ ಎಂದು ಅವನಿಗೆ ತಿಳಿಯಿತು.

ಎರಡು ಮಷೀನು ಇಳಿಸಿದ. ಒಂದು ಅಗ್ಗದ್ದು, ಇನ್ನೊಂದರ ಬೆಲೆಗೆ ಅಂಥವು ನಾಲ್ಕು ಬರುತ್ತಿದ್ದವು. ಎರಡಕ್ಕೂ ಚಕ್ರ ಹಾಕಲಿಲ್ಲ. ನೆಲಕ್ಕೆ ಗೋಣಿಚೀಲ ಹಾಸಿದ. ಅಗ್ಗದ್ದನ್ನು ಚಾಲೂ ಮಾಡಿ ನನ್ನ ಕೈಗೆ ಕೊಟ್ಟ. ಅದರ ಗುಂಡಿ ಒಮ್ಮೆ ಮುಂದಕ್ಕೆ ಸರಿಸಿದರೆ ಅಲ್ಲೇ ಕಚ್ಚಿಕೊಳ್ಳುವಂಥದ್ದು. ಗುಂಯ್ ಎನ್ನುವುದನ್ನು ಬಿಗಿಯಾಗಿ ಹಿಡಿದು ನಿಂತಿದ್ದೆ. ಹಿಂದಿನಿಂದ ಆ ಪುಣ್ಯಾತ್ಮ ಬಣ್ಣದ ಖಾಲಿ ಡಬ್ಬಿಯನ್ನು ಫರ್ಶಿ ಕಲ್ಲಿನ ನೆಲದ ಮೇಲೆ ಎತ್ತಿ ಒಗೆದ. ಬೆಚ್ಚಿದೆ, ಕೈ ಬಿಟ್ಟೆ. ಮಷೀನು ಬಿದ್ದರೂ ನಿಲ್ಲಲಿಲ್ಲ. ಬಾಲ ಸುಟ್ಟ ಇಲಿಯಂತೆ ಅಂಗಡಿ ತುಂಬ ಓಡಾಡಿತು. ಬಸು ಹಾರಿ ಮೆಟ್ಟಿಲ ಮೇಲೆ ನಿಂತ. ಮೋದಿನಸಾಬ ನಿಧಾನಕ್ಕೆ ಹೋಗಿ ಪ್ಲಗ್ಗು ಕಿತ್ತ.

ಎರಡನೆಯದರ ಹೊಟ್ಟೆಯ ಕೆಳಗೆ ಒಂದು ಉದ್ದ ಪಟ್ಟಿ. ಅಂಗೈಯಿಂದ ಅದನ್ನು ಒತ್ತಿ ಹಿಡಿದಷ್ಟು ಹೊತ್ತು ಮಾತ್ರ ತಿರುಗುತ್ತದೆ. ಈ ಸಲ ಡಬ್ಬಿ ಬೀಳುತ್ತದೆ ಎಂದು ಗೊತ್ತಿತ್ತು, ಮೈ ಗಟ್ಟಿ ಮಾಡಿಕೊಂಡಿದ್ದೆ. ಡಬ್ಬಿ ಬೀಳಲಿಲ್ಲ. "ಹಾವ! ಹಾವ!" ಎಂದು ಕಿರುಚಿದ. ಮಷೀನು ಕೈಯಿಂದ ಹಾರಿತು. ಚೀಲಕ್ಕೆ ಬಿದ್ದು, ಉಸ್ ಎಂದು, ಸುಮ್ಮನಾಯಿತು.

"ನೋಡ್ದಿ? ಅಗ್ಗಂದ ಕೆಟ್ಟದ್ದಲ್ಲ. ನಿನ್ನ ಮಗಾ ವರ್ಷದಾಗ ನಾಕ ಪೈಪ ಕೊಯ್ತಾನ, ಅವಗ ಅದ ಸಾಕು. ತಗಡ ಬಿಚ್ಚಬಾರ್ದು, ಚಕ್ರ ಅಗ್ಗಂದ ಹಾಕಬಾರ್ದು, ಅಷ್ಟ. ಆದ್ರ ನಡಗೂ ಕೈಗೆ, ಕೈ ಬಿಟ್ಟ್ರ ನಿಂದ್ರೂದ ಬೇಕು. ಮಂದಿ ಎಲ್ಲಾ ಎಷ್ಟ ಜೋರ ತಿರಗತೈತಿ ಅಂತ ಕೇಳ್ತಾರ. ಹೆಂಗ ನಿಂದರತೈತಿ ಅಂತ ಒಬ್ಬಾಂವರ ಕೇಳ್ಯಾನೇನು?"

ಅವತ್ತು ರೊಕ್ಕ ಸಾಲದೆ ಬರಿಗೈಲಿ ಮನೆಗೆ ಬಂದು, ಗಂಡ ಕಾದ ಕಬ್ಬಿಣ ಇಟ್ಟು ಬಡಿಯುತ್ತಿದ್ದ ಉಕ್ಕಿನ ಅಡಿಗಲ್ಲು ಮಾರಿದೆ. ಬಸು ಮುಖ ಉಬ್ಬಿಸಿದ, ಅಪ್ಪನ ನೆನಪು ಅಂತ. ನಿಂತು ಬಡಿಯುವವನೇ ಇಲ್ಲದ ಮೇಲೆ ಅಡಿಗಲ್ಲು ಬರೀ ಕಲ್ಲು. ಮುಂದಿನ ಸಂತೆಗೆ ಮಷೀನು ನನ್ನ ಕಟ್ಟೆಗೆ ಬಂತು. ಸಾಣೆ ಹಿಡಿಯುವಾಗ ಉಕ್ಕು ಕಾದು ನೀಲಿಯಾದರೆ ಅಲಗು ಸತ್ತಂತೆ, ಪದೇ ಪದೇ ನೀರು ಮುಟ್ಟಿಸು ಎಂದು ಮಷೀನು ಕೊಡುವಾಗ ಮೋದಿನಸಾಬ ಹೇಳಿಕೊಡಲು ಬಂದ. ಕಂಬಾರನ ಹೆಂಡತಿಗೆ! ಬಾಯಿ ಮುಚ್ಚು ಎಂದೆ. ಮುಚ್ಚಲಿಲ್ಲ.

ಆ ವರ್ಷ ಖಂಡೇ ನವಮಿಗೆ ಹತಾರಗಳನ್ನೆಲ್ಲ ಸಾಲಾಗಿ ಇಟ್ಟು ಪೂಜೆ ಮಾಡಿದೆವು. ಇಕ್ಕಳ, ಸುತ್ತಿಗೆಗಳಿಗೆ ಎಷ್ಟೋ ಅಷ್ಟೇ ಮಷೀನಿಗೂ ಭಂಡಾರ ಹಾಕಿದೆ. ಎಲ್ಲಮ್ಮನ ಗುಡ್ಡದ ಅರಿಸಿನದ ಪುಡಿ, ಮುಷ್ಟಿ ತುಂಬ. ಮರುದಿನ ಪಟ್ಟಿ ಒತ್ತಿದೆನೋ ಇಲ್ಲವೋ, ಕಂಡಿಯಿಂದ ಹಳದಿ ಹೊಗೆ ಭುಗಿಲೆಂದಿತು. ಎದುರಿಗೆ ಕುಳಿತಿದ್ದ ಪಕ್ಕದ ಮನೆಯ ಸಂಗವ್ವ ಅಡಿಯಿಂದ ಮುಡಿತನಕ ಹಳದಿಯಾಗಿ, "ಉಧೋ ಉಧೋ" ಎಂದು ಎಲ್ಲಮ್ಮನಿಗೆ ಕೈಮುಗಿದಳು. ಮಷೀನು ಎರಡು ಸಲ ಕೆಮ್ಮಿ ನಿಂತಿತು.

ಯರಗಟ್ಟಿಗೆ ಒಯ್ದೆ. ಮೋದಿನಸಾಬ ಮೂಸಿದ, ಸೀನಿದ, ಮತ್ತೆ ಸೀನಿದ. "ಯಕ್ಕಾ, ಸುಟ್ಟಿಲ್ಲ. ಇದರಾಗ ಇಡೀ ಗುಡ್ಡಾ ಐತಿ."

"ದೇವ್ರ ಕೆಲ್ಸಕ್ಕ ನಗಬ್ಯಾಡ."

"ನಗಾಕತ್ತಿಲ್ಲ. ದೇವ್ರು ಹೊರಗ ಇರ್ಲಿ, ಒಳಗ ಗಾಳಿ ಆಡ್ಲಿ. ಬರೂ ವರ್ಷ ಡಬ್ಬಿಗೆ ಪೂಜಿ ಮಾಡು." ಪೂರ್ತಿ ಬಿಚ್ಚಿ ಊದಿ ಕೊಟ್ಟ. ಅವನ ಗಡ್ಡ ಎರಡು ದಿನ ಹಳದಿಯಿತ್ತಂತೆ. ಅಂದಿನಿಂದ ನಮ್ಮ ಮನೆಯಲ್ಲಿ ಮಷೀನಿನ ರಟ್ಟಿನ ಡಬ್ಬಿಗೆ ಪೂಜೆ.

ಕೊನೆಯ ಸಲ ಅವನನ್ನು ಕಂಡಾಗ ಮಷೀನು ಒಳಗಿಂದ ಕಿಡಿ ಹಾರಿಸುತ್ತಿತ್ತು. ಹೊಟ್ಟೆ ಕರಗಿ ಮೋದಿನಸಾಬನ ಅಂಗಿ ಜೋತಾಡುತ್ತಿತ್ತು. ಎಂದಿನಂತೆ ಕಂಡಿಗೆ ಮೂಗು ಹಚ್ಚಿದ, ಕಣ್ಣು ಮುಚ್ಚಿದ. ಇನ್ನೊಮ್ಮೆ ಹಚ್ಚಿದ. ಆಮೇಲೆ ಮಷೀನು ಕೆಳಗಿಟ್ಟು ಬಸ್ಸುಗಳ ಕಡೆ ನೋಡುತ್ತ ಕುಳಿತ.

"ಯಾಕ, ಸುಟ್ಟೈತಿ?"

"ಗೊತ್ತಿಲ್ಲ."

ಅವನ ಬಾಯಲ್ಲಿ ಆ ಮಾತನ್ನು ನಾನು ಕೇಳಿರಲಿಲ್ಲ.

"ದೊಡ್ಡ ಜ್ವರ ಬಂದ ಹೋತಲ್ಲ, ಆವಾಗಿಂದ ವಾಸನಿ ಇಲ್ಲ ಯಕ್ಕಾ. ತಂತಿ ಸುಟ್ಟದ್ದೂ ತಿಳಿಯೂದಿಲ್ಲ, ಬಿರ್ಯಾನಿನೂ ತಿಳಿಯೂದಿಲ್ಲ."

ಸಮಾಧಾನ ಹೇಳುವುದು ನನಗೆ ಬರುವುದಿಲ್ಲ. "ಬಿರ್ಯಾನಿ ಹೋದ್ರ ಹೋಗ್ಲಿ, ಹೊಟ್ಟಿರ ಕರಗಿತು" ಎಂದೆ. ನಕ್ಕ. ನಗು ನಿಂತ ಮೇಲೆ ಮಷೀನನ್ನು ನನ್ನ ಕಡೆ ಸರಿಸಿದ. "ನೀ ಮೂಸು. ಕುಲುಮಿ ಮುಂದ ಕುಂತ ಬಂದಾಕಿ, ಮೂಗ ಇರಬೇಕು."

ಮೂಸಿದೆ. "ಸುಟ್ಟಿಲ್ಲ. ಇದ್ದಲಿ ಪುಡಿ ವಾಸನಿ ಬರತೈತಿ."

"ಹಂಗಾರ ಒಳಗಿನ ಕಾರ್ಬನ್ ತುಂಡ ಸವದಾವ."

ಬಿಚ್ಚಿ ಎರಡು ಸಣ್ಣ ತುಂಡು ಬದಲಿಸಿದ. ತಂತಿ ಸುಟ್ಟಿದೆಯೋ ಎಂದು ಇಣುಕಿಯೂ ನೋಡಲಿಲ್ಲ. ಅವನು ಇನ್ನೊಬ್ಬರ ಮಾತು ನಂಬಿದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಮುಂದಿನ ಸಲ ಹೋದರೆ ಅವನ ಅಂಗಡಿಯಲ್ಲಿ ಬೇರೆ ಯಾರೋ ಮೊಬೈಲಿನ ಕವರು ತೂಗಿಬಿಟ್ಟಿದ್ದರು. ಚಳಿಗಾಲದಲ್ಲಿ ತೀರಿಕೊಂಡ ಎಂದು ಪಕ್ಕದ ಚಹಾದವನು ಹೇಳಿದ. ಚಹಾ ಕುಡಿದು ಬಸ್ಸು ಹತ್ತಿದೆ.

ಈ ಮಳೆಗಾಲದಲ್ಲಿ ಒಂದು ಬೆಳಗ್ಗೆ ಸಂಗವ್ವನ ಕುಡಗೋಲಿಗೆ ಸಾಣೆ ಹಿಡಿಯುತ್ತಿದ್ದೆ. ಯಾರೂ ಡಬ್ಬಿ ಒಗೆಯಲಿಲ್ಲ, ಹಾವು ಎನ್ನಲಿಲ್ಲ. ಕೈ ತಾನಾಗಿಯೇ ಬಿಟ್ಟುಬಿಟ್ಟಿತು. ಮಷೀನು ಕಾಲ ಬಳಿ ಬಿತ್ತು, ಕೆಳಗೆ ಹಾಸಿದ್ದ ಗೋಣಿಚೀಲವನ್ನು ಗೇಣುದ್ದ ಹರಿದು ನಿಂತಿತು. ಹೆಂಗಸರು ಒಮ್ಮೆಲೇ ಚೀರಿದರು. ಬೆರಳು ನೋಡಿಕೊಂಡೆ, ಕಾಲಿನವೂ. ಎಲ್ಲ ಇದ್ದವು.

ಯರಗಟ್ಟಿಗೆ ಹೋಗಿ ಹೇಳೋಣವೆಂದರೆ ಕೇಳುವವನಿಲ್ಲ. ಮಷೀನು ಎತ್ತಿ ಕಂಡಿಗೆ ಮೂಗು ಹಚ್ಚಿದೆ.

"ಏನ ಮೂಸಾಕತ್ತಿ ಕಾಳವ್ವಾಯಿ, ಹೂರಣ ಐತೇನ ಅದರಾಗ?" ಎಂದಳು ಸಂಗವ್ವ.

"ಸುಟ್ಟಿಲ್ಲ" ಎಂದೆ. ಅವಳ ಕುಡಗೋಲು ಅರ್ಧ ಆಗಿತ್ತು. ಮುಗಿಸಿಕೊಟ್ಟೆ.